ಮಾಸ್ತರರ ಹೆಸರಿನ ಒಂದು ಸಾಲು

ಕಳೆದ ವಾರ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಕಂಪ್ಯೂಟರಿಗೆ ದನಿ ಕೊಡುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿತು. ಹೆಬ್ಬೆರಳಿನಷ್ಟಿದೆ. ಮೇಲಿನ ಬದಿ ಬೆರಳಿಗೆ ತಿಳಿಯಲೆಂದು ಮೇಣದ ಒಂದು ಹನಿ ಅಂಟಿಸಿದೆ. ಕಮಲಾಪುರದ ಮಾಸ್ತರರದು. ಅವರು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡೇ ಪತ್ರ, ಪಾಠ ಎಲ್ಲ ಬರೆಯುತ್ತಿದ್ದರು.

ಆಗ ನಾನು ಕಲಬುರಗಿಯ ಸ್ಟೇಶನ್ ಬಜಾರದ ಸಣ್ಣ ಕಚೇರಿಯೊಂದರಲ್ಲಿ, ಇಂಥ ಸಾಧನಗಳನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ಕೋಡನ್ನು ಬೇರೆಯವರು ಬರೆದ ಮೇಲೆ ಪರಿಶೀಲಿಸುತ್ತಿದ್ದೆ. ಸೌಂಡ್ ಕಾರ್ಡ್ ಚುಚ್ಚಿದ ಕೂಡಲೇ ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್ ಅದರ ಗುರುತು ಓದಿ, ಇದು ಸ್ಪೀಕರಿಗೋ ಮೈಕಿಗೋ ಎಂದು ತಿಳಿಯಬೇಕು. ಅಗ್ಗದ ಕಾರ್ಡುಗಳು ತಪ್ಪು ಗುರುತು ಹೇಳುತ್ತವೆ. ಅದಕ್ಕೇ ಕೋಡಿನ ಪ್ರತಿ ತಿದ್ದುಪಡಿಯನ್ನೂ ಮೊದಲು ಮಾಸ್ತರರಿಗೆ ಕಳಿಸುತ್ತಿದ್ದೆವು. ಅವರು ಕಾರ್ಡನ್ನು ಹತ್ತು ಸಲ ಕಿತ್ತು, ಹತ್ತು ಸಲ ಹಾಕಿ, ಹತ್ತೂ ಸಲ ದನಿ ಬಂದರಷ್ಟೇ ಫೋನ್ ಮಾಡಿ ಒಪ್ಪಿಗೆ ಕೊಡುತ್ತಿದ್ದರು. ಆಮೇಲೆ ತಿದ್ದುಪಡಿಯ ಕೆಳಗೆ ಪರೀಕ್ಷಿಸಿದವರು ಎಂದು ಅವರ ಹೆಸರು, ಪರಿಶೀಲಿಸಿದವರು ಎಂದು ನನ್ನ ಹೆಸರು. ಈ ಕೆಲಸದ ಪದ್ಧತಿ ಅದು.

ಒಮ್ಮೆ ಕೆಲಸ ಒಪ್ಪಿಸುವ ಕೊನೆಯ ದಿನ ಬಂದಿತ್ತು, ಪರೀಕ್ಷೆ ಆಗಿರಲಿಲ್ಲ. "ಮಾಸ್ತರ ಹೆಸರು ಹಾಕಿ ಬಿಡೂನ್ರಿ, ಅವರೇನ್ ನೋಡ್ತಾರೇನ್?" ಎಂದ, ಕೋಡ್ ಬರೆದ ಸಹೋದ್ಯೋಗಿ.

ನಾನು ನಕ್ಕೆ. ಅವನು ಮಾಸ್ತರರ ಹೆಸರು ಹಾಕಿದ. ನಾನು ಕೋಡ್ ಓದದೆಯೇ ನನ್ನ ಹೆಸರನ್ನೂ ಹಾಕಿದೆ.

ನಾಲ್ಕನೇ ದಿನ ಮಾಸ್ತರರು ಬಸ್ಸು ಹಿಡಿದು ಕಲಬುರಗಿಗೆ ಬಂದರು. ಹೊಸ ಕೋಡ್ ಅವರ ಕಂಪ್ಯೂಟರಿಗೆ ತಾನಾಗಿ ಇಳಿದು, ಅವರ ಕಾರ್ಡನ್ನು ಬರೀ ಮೈಕಿನದೆಂದು ತಿಳಿದಿತ್ತು.

"ತಗದೆ, ಹಾಕ್ದೆ, ದನಿನೇ ಬರಲಿಲ್ಲ. ಕಿವಿನೂ ಹೋದ್ವೇನೋ ಅಂತ ಹೆಂಡತಿನ್ನ ಕರದು ಮಾತಾಡ್ಸಿದೆರಿ," ಎಂದರು.

ಆಮೇಲೆ ಆ ತಿದ್ದುಪಡಿಯ ಕೆಳಗೆ ಏನು ಬರೆದಿದೆಯೋ ಓದಿ ಹೇಳಲು ಕೇಳಿದರು. ಎರಡೂ ಹೆಸರು ಓದಿದೆ. ಅವರ ಹೆಸರು ಹಾಕಿದ್ದು ನಾನಲ್ಲ, ಸಹೋದ್ಯೋಗಿ ಎಂದೂ ಸೇರಿಸಿದೆ. ನಕ್ಕದ್ದಕ್ಕಿಂತ ಹೊಲಸು ಅದು.

"ನನಗ ಕಣ್ಣಿಲ್ಲ. ನೀವಾದ್ರೂ ಆ ಕೋಡ್ ಓದಿದ್ರೇನ್ರಿ?"

ಅವರು ಕಿಸೆಯಿಂದ ಕಾರ್ಡನ್ನು ತೆಗೆದು, ತಡವಿ ಮೇಜಿನ ಮೇಲಿಟ್ಟು ಹೋದರು. ಮತ್ತೆಂದೂ ನಮಗಾಗಿ ಪರೀಕ್ಷೆ ಮಾಡಲಿಲ್ಲ.

ಕೋಡನ್ನು ಮರುದಿನವೇ ಸರಿಪಡಿಸಿದೆ. ಬಿಡುಗಡೆಯಾದ ತಿದ್ದುಪಡಿಯ ಕೆಳಗಿನ ಹೆಸರನ್ನು ಮಾತ್ರ ಅಳಿಸಲು ಬರುವುದಿಲ್ಲ. ಕಮಲಾಪುರ ಒಂದು ತಾಸಿನ ದಾರಿ. ಹೋಗಿ ಕ್ಷಮೆ ಕೇಳಬೇಕು ಅಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಅವರು ತೀರಿಕೊಂಡರು. ಈಗ ಹದಿನೇಳು ತಿದ್ದುಪಡಿಗಳ ಕೆಳಗೆ ಮಾಸ್ತರರ ಹೆಸರಿದೆ. ಹದಿನಾರು ನಿಜ. ಇನ್ನೊಂದು ತಮ್ಮದಲ್ಲವೆಂದು ಹೇಳಲು ಅವರಿಲ್ಲ.