ಅಣ್ಣನಿಗೆ ಹಾಕಿದ ಕುರ್ಚಿಗಳು

ಹಳೆಯ ಕ್ಯಾಥೆಡ್ರಲ್‌ನಲ್ಲಿ ಕುರ್ಚಿ ಜೋಡಿಸುವವನನ್ನು ಎಲ್ಲರೂ ಕುರ್ಚಿ ಮಾವ ಎನ್ನುತ್ತಿದ್ದರು. ಬೆಳಗಿನ ಪೂಜೆಗೆ ಕುರ್ಚಿಗಳು ಪೀಠದ ಕಡೆ ಮುಖ ಮಾಡಬೇಕು, ಸಂಜೆಯ ಸಂಗೀತಕ್ಕೆ ಆರ್ಗನ್ ಕಡೆ ತಿರುಗಬೇಕು. ರಕ್ತದಾನವಿದ್ದರೆ ಗೋಡೆಗೆ ಸರಿಯಬೇಕು, ಚಳಿ ಹೆಚ್ಚಾದರೆ ಮನೆಯಿಲ್ಲದವರ ಹಾಸಿಗೆಗೆ ಜಾಗ ಬಿಡಬೇಕು. ನಡುವೆ ಕ್ಯಾಮೆರಾ ಹಿಡಿದ ಪ್ರವಾಸಿಗರು ಬೇರೆ. "ದೇವರಿಗೆ ಇರೋದು ಒಂದೇ ಮನೆ, ಬಾಡಿಗೆದಾರರು ಮಾತ್ರ ಹತ್ತು ಜನ," ಎಂದು ಗೊಣಗುತ್ತಲೇ ಎಳೆಯುತ್ತಿದ್ದ. ಗೊಣಗದಿದ್ದರೆ ಅವನಿಗೆ ಕೈಯೇ ಓಡುತ್ತಿರಲಿಲ್ಲ.

ಅವನ ಅಣ್ಣ ತೀರಿಕೊಂಡ. ಈ ಅಣ್ಣ ಕಾಲು ಕೆರೆದು ಜಗಳ ತೆಗೆಯದ ಮನೆ ಊರಲ್ಲಿರಲಿಲ್ಲ. ತಮ್ಮನ ಜೊತೆ ಮಾತು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಅಂತ್ಯಪ್ರಾರ್ಥನೆಗೆ ಪಾದ್ರಿಯನ್ನು ಬಿಟ್ಟರೆ ತಮ್ಮ, ತಮ್ಮನ ಹೆಂಡತಿ, ಅಷ್ಟೇ.

"ಎರಡು ಕುರ್ಚಿ ಹಾಕಿ ಸಾಕು. ಯಾರು ಬರ್ತಾರೆ ಅಂತ ಇಷ್ಟೊಂದು ಸಾಲು?" ಎಂದಳು ಹೆಂಡತಿ.

"ಖಾಲಿ ಇದ್ರೂ ಇರಲಿ. ಪೆಟ್ಟಿಗೆ ಒಂದೇ ಇದ್ರೆ ಅನಾಥ ಹೆಣದ ಥರ ಕಾಣುತ್ತೆ."

ಸಿಟ್ಟು ಸಿಟ್ಟಿನ ಜಾಗದಲ್ಲೇ ಇತ್ತು. ಆದರೂ ಒಡಹುಟ್ಟಿದವನನ್ನು ಹೀಗೆ ಕಳಿಸಿಕೊಡಲು ಕರುಳು ಒಪ್ಪಲಿಲ್ಲ.

ಇಂಥ ಹೊತ್ತಿನಲ್ಲಿ ಪ್ರವಾಸಿಗರು ನುಗ್ಗದಂತೆ ಬಾಗಿಲಿಗೆ ಹಗ್ಗ ಕಟ್ಟುವುದು ಅವನದೇ ಕೆಲಸ. ಯಾರ ಸಾವಿಗೂ ತಪ್ಪಿಸಿದವನಲ್ಲ. ಅಂದು ಹಗ್ಗವನ್ನು ಕೈಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ನಿಂತ, ಆಮೇಲೆ ಮೊಳೆಗೆ ನೇತುಹಾಕಿ ಒಳಗೆ ಬಂದುಬಿಟ್ಟ. ಪಾದ್ರಿ ನೋಡಿಯೂ ನೋಡದವರಂತೆ ಪುಸ್ತಕ ಬಿಡಿಸಿದರು.

ಪ್ರವಾಸಿಗರು ಹರಟುತ್ತ ಬಂದರು, ಪೆಟ್ಟಿಗೆ ಕಂಡು ತೆಪ್ಪಗಾದರು. ಒಬ್ಬ ಟೋಪಿ ತೆಗೆದ. ವಾಪಸು ಹೋಗುವುದು ಸರಿಯಲ್ಲ ಎನಿಸಿತೋ ಏನೋ, ಒಬ್ಬೊಬ್ಬರಾಗಿ ಕುಳಿತರು. ಸಂಜೆಯ ಕಾರ್ಯಕ್ರಮದ ತಾಲೀಮಿಗೆ ಬಂದಿದ್ದ ಹಾಡುಗಾರರು ಹಿಂದೆ ಕೂತರು. ಪಾದ್ರಿ ಕಣ್ಣಲ್ಲೇ ಕೇಳಿಕೊಂಡಾಗ ಒಂದು ಹಾಡನ್ನೂ ಹಾಡಿದರು. ಸಾಲುಗಳು ತುಂಬಿದವು. ಬದುಕಿದ್ದಾಗ ಅಣ್ಣನ ಎದುರು ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಕೂತದ್ದೇ ಇಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಪ್ರವಾಸಿ ಅಜ್ಜಿ, "ನಿಮ್ಮ ಪೈಕಿಯವರಾ?" ಎಂದು ಮೆಲ್ಲಗೆ ಕೇಳಿದಳು.

"ನಮ್ಮಣ್ಣ," ಎಂದ. "ತುಂಬ ಒಳ್ಳೆಯವನು."

ನಾಲ್ಕು ಜನರೆದುರು ಮಾನ ಉಳಿಸಲು ಆಡಿದ ಮಾತು. ಆಡಿದ ಮೇಲೆ, ಶಾಲೆಯ ದಾರಿಯಲ್ಲಿ ತಮ್ಮನ ಚೀಲವನ್ನೂ ತಾನೇ ಹೊರುತ್ತಿದ್ದ ಅಣ್ಣ ನೆನಪಾದ. ಹೆಂಡತಿ ಗಾಬರಿಯಾಗಿ ಅವನ ಕೈ ಹಿಡಿದಳು.

"ಒಳ್ಳೆಯವನೇ ಕಣೇ," ಎಂದು ಈ ಸಲ ಅವಳಿಗೆ ಹೇಳಿದ, ಅಳುತ್ತ.