ಮಾತಾಡುವ ಮೇಜು

ಗ್ರಂಥಪಾಲಕಿಯಾದ ಆಕೆಗೆ ಓದುಗರು ಇಟ್ಟ ಅಡ್ಡಹೆಸರು 'ಶ್ ಮೇಡಂ'. ಗ್ರಂಥಾಲಯದಲ್ಲಿ ಯಾರಾದರೂ ಪಿಟ್ಟೆಂದರೆ ಸಾಕು, ಆಕೆಯ ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. "ಅಕ್ಕಾ, ನಿನ್ನನ್ನ ಮಾತಾಡಿಸೋಕೂ ಅರ್ಜಿ ಹಾಕ್ಬೇಕೇನೇ?" ಎಂದು ತಂಗಿ ರೇಗಿಸುತ್ತಿದ್ದಳು.

ಆಕೆಗೂ ಮಾತು ಬೇಕಿತ್ತು, ಒಬ್ಬರ ಜೊತೆ ಮಾತ್ರ. ವಾಚು ರಿಪೇರಿಯವರು ಅಂಗಡಿ ಮುಚ್ಚಿ ದಿನಾ ಸಂಜೆ ಬರುತ್ತಿದ್ದರು. ಆಕೆಯ ಎದುರಿನ ಕುರ್ಚಿಯಲ್ಲೇ ಪೇಪರ್ ಹಿಡಿದು ಕೂರುತ್ತಿದ್ದರು. ಹೋಗುವಾಗ ತಲೆಯಾಡಿಸಿ ಒಂದು ನಗು, ಅಷ್ಟೇ. ವರ್ಷಗಟ್ಟಲೆ ಹೀಗೇ ನಡೆಯಿತು. ಅವರ ಒಂದು ಮಾತಿಗಾಗಿ ಆಕೆಯ ಜೀವ ಹಾತೊರೆಯುತ್ತಿತ್ತು. ಆದರೆ ಎಲ್ಲರ ಬಾಯಿ ಮುಚ್ಚಿಸಿದವಳು ತಾನೇ ಬಾಯಿ ಬಿಡುವುದು ಹೇಗೆ?

ಅಷ್ಟರಲ್ಲಿ ಗ್ರಂಥಾಲಯವನ್ನು ಹೊಸದಾಗಿ ಕಟ್ಟಬೇಕೆಂದು ಚುರುಕಾದ ಹುಡುಗಿಯೊಬ್ಬಳು ನಕ್ಷೆ ಹಿಡಿದು ಬಂದಳು. ಗ್ರಂಥಾಲಯ ಅಂದರೆ ಇನ್ನು ಬರೀ ಪುಸ್ತಕವಲ್ಲವಂತೆ. ಕಪಾಟಿಗೆ ಚಕ್ರ, ಕೂತು ಹರಟಲು ಅಗಲವಾದ ಮೆಟ್ಟಿಲು, ಮೂಲೆಯಲ್ಲಿ ಹೊಲಿಗೆ ಯಂತ್ರ. ಸಾಲದ್ದಕ್ಕೆ, ಪುಸ್ತಕದ ಹಾಗೆ ಏಣಿಯನ್ನೂ ಎರವಲು ಪಡೆದು ಮನೆಗೆ ಒಯ್ಯಬಹುದಂತೆ! "ನಿಮಗೇನು ಬೇಕು ಮೇಡಂ?" ಎಂದು ಹುಡುಗಿ ಕೇಳಿದಳು.

"ಕಿಟಕಿ ಪಕ್ಕ ಒಂದು ಮೇಜು. ಇಬ್ಬರು ಕೂತು ಮಾತಾಡೋ ಹಾಗೆ."

ಹೇಳುವಾಗ ಆಕೆಯ ಕಿವಿ ಕೆಂಪಾಗಿದ್ದನ್ನು ಹುಡುಗಿ ಗಮನಿಸಲಿಲ್ಲ, ಪುಣ್ಯ.

ಹೊಸ ಗ್ರಂಥಾಲಯಕ್ಕೆ ಊರಿಗೆ ಊರೇ ಬಂತು. ವಾಚು ರಿಪೇರಿಯವರು ಮಾತ್ರ ಬರಲಿಲ್ಲ. ಆ ಮೇಜನ್ನು ದಿನಾ ಒರೆಸಿದ್ದೇ ಬಂತು. ಯಾರಾದರೂ ಅಲ್ಲಿ ಕೂತರೆ ಆಕೆಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೊಂದು ಸಂಜೆ ಬಂದರು. ಒಳಗಿನ ಗದ್ದಲಕ್ಕೆ ತಬ್ಬಿಬ್ಬಾಗಿ ನಿಂತರು. ಸದಸ್ಯತ್ವದ ಕಾರ್ಡನ್ನು ಆಕೆಯ ಮುಂದಿಟ್ಟು ಗಂಟಲು ಸರಿಮಾಡಿಕೊಂಡರು. "ನಿಮ್ಮನ್ನ ಒಂದು ಮಾತು..."

"ಶ್!"

ಆಕೆಯ ಬೆರಳು ಬಾಯಿಯ ಮೇಲೆ ಕೂತಾಗಿತ್ತು. ಹೊಲಿಗೆ ಯಂತ್ರ ಗಡಗಡ ಅನ್ನುತ್ತಿತ್ತು, ಮಕ್ಕಳು ಕಿರುಚಾಡುತ್ತಿದ್ದರು. ಅಷ್ಟು ಜನರಲ್ಲಿ ಬಾಯಿ ಮುಚ್ಚಿದವರು ಅವರೊಬ್ಬರೇ. ಎಂದಿನಂತೆ ತಲೆಯಾಡಿಸಿ, ನಕ್ಕು, ಹೊರಟುಬಿಟ್ಟರು.

ಆ ಬೆರಳನ್ನು ಕಚ್ಚಿ ಹಾಕುವಷ್ಟು ಸಿಟ್ಟು ಬಂತು ಆಕೆಗೆ. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅವರು ಆಗಲೇ ಹೊರಗಿನ ಮೆಟ್ಟಿಲು ಇಳಿಯುತ್ತಿದ್ದರು.

"ನಿಲ್ಲಿ! ಈಗ ಇಲ್ಲಿ ಮಾತಾಡಬಹುದು ರೀ. ಏನೋ ಕೇಳೋಕೆ ಬಂದಿದ್ರಲ್ಲ?"

ಅವರು ತಿರುಗಿದರು. "ಅಂಗಡಿ ಖಾಲಿ ಮಾಡಿದೆ, ನಾಳೆ ಊರು ಬಿಡ್ತಿದ್ದೀನಿ. ಹೋಗೋ ಮುಂಚೆ ನಿಮ್ಮ ಹೆಸರು ಕೇಳ್ಕೊಂಡು ಹೋಗೋಣ ಅಂತ."

ಆಕೆ ಹೇಳಿದಳು. ಹೊರಬಂದದ್ದು ಪಿಸುದನಿ, ಅವರಿಗೆ ಕೇಳಲಿಲ್ಲ.

"ಏನಂದ್ರಿ?" ಎನ್ನುತ್ತಾ ಅವರು ಇಳಿದ ಮೆಟ್ಟಿಲನ್ನು ಮತ್ತೆ ಹತ್ತತೊಡಗಿದರು.