ರೈಲು ಬಾರದ ಟೇಷನ್ನಿನ ಹೆಂಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಲ್ಲುಗುಡ್ಡೆ ಟೇಷನ್ನಿನ ಮಾಡಿನ ನೆತ್ತಿಯಲ್ಲಿ ವಸಂತಮ್ಮ ಸೆರಗು ಬಿಗಿದು ಕೂತಿದ್ದಾರೆ. ಒಂದೊಂದೇ ಹೆಂಚನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಠಣ್ ಎಂದದ್ದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಸದ್ದು ಮಂದವಾದರೆ ಬಿರುಕು ಬಿಟ್ಟಿದೆ ಎಂದು ಪಕ್ಕಕ್ಕೆ. ಕೆಳಗೆ ಚಿಕ್ಕಮಗಳೂರಿನ ಮೊದಲ ಬಸ್ಸು ಬಂದು ನಿಲ್ಲುತ್ತದೆ. ಕಂಡಕ್ಟರ್ ಕುಮಾರನಿಗೆ ದಿನಾ ಇದೇ ತಮಾಷೆ.

"ವಸಂತಕ್ಕಾ, ರೈಲು ಕಾಣ್ತದಾ?"

"ಕಂಡ್ರೆ ನಿಂಗೇ ಮೊದ್ಲು ಹೇಳ್ತೀನಿ ಮಾರಾಯ. ಆಮೇಲೆ ನಿನ್ ಬಸ್ಸಿಗೆ ಯಾರು ಹತ್ತಾರೆ?"

ಆಲ್ದೂರು ದಾಟಿ ಒಳದಾರಿ ಹಿಡಿದರೆ ಸಿಗುವ ಈ ಊರಿಗೆ ಹಳಿಯೇ ಇಲ್ಲ. ಟೇಷನ್ ಮಾತ್ರ ಇದೆ. ಅಜ್ಜಂದಿರ ಕಾಲದಲ್ಲಿ ಎಸ್ಟೇಟ್ ಒಡೆಯ ಜಯದೇವಪ್ಪನವರು ಕಾಫಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ, ಅಲ್ಲಿನ ದೊಡ್ಡ ರೈಲು ಟರ್ಮಿನಸ್ ಕಂಡು ಮರುಳಾದರಂತೆ. ರೈಲು ಇಂದಲ್ಲ ನಾಳೆ ಘಟ್ಟ ಹತ್ತುತ್ತದೆಂಬ ಹುಮ್ಮಸ್ಸಿನಲ್ಲಿ ಊರಿಗೊಂದು ಪುಟ್ಟ ಟರ್ಮಿನಸ್ ಕಟ್ಟಿಸಿಯೇ ಬಿಟ್ಟರು. ಕಪ್ಪುಕಲ್ಲಿನ ಕಮಾನು, ಗಡಿಯಾರಕ್ಕೊಂದು ಗೋಪುರ, ಎತ್ತರದ ಪ್ಲಾಟ್‌ಫಾರಂ, ಸೂರಿನಂಚಿಗೆ ಕೊರೆದ ಮರದ ಜಾಲರಿ. ಇಂಜಿನ್ನಿನ ಹೊಗೆ ಹೋಗಲೆಂದು ಮಾಡಿನ ನೆತ್ತಿಯುದ್ದಕ್ಕೂ ಒಂದು ಸಂದು, ಅದರ ಮೇಲೆ ಕೊಡೆ ಹಿಡಿದಂತೆ ಇನ್ನೊಂದು ಕಿರುಮಾಡು. ರೈಲು ಬರಲಿಲ್ಲ, ಗೋಪುರಕ್ಕೆ ಗಡಿಯಾರವೂ ಬರಲಿಲ್ಲ, ಬಸ್ಸು ಬಂತು. ಹೀಗಾಗಿ ಕಲ್ಲುಗುಡ್ಡೆಯವರು ಇವತ್ತಿಗೂ ಬಸ್ಸು ಹತ್ತಲು ಮೊದಲು ಪ್ಲಾಟ್‌ಫಾರಂ ಇಳಿಯಬೇಕು.

ಮಳೆಗಾಲಕ್ಕೆ ಮುಂಚೆ ಇಲ್ಲಿನ ಹೆಂಚು ಕೈಯಾಡಿಸುವುದು, ಎಂದರೆ ಒಡೆದದ್ದನ್ನು ತೆಗೆದು ಬೇರೆ ಹೊದಿಸುವುದು, ವಸಂತಮ್ಮನ ಗಂಡ ಗಿಡ್ಡಪ್ಪನವರ ಕೆಲಸವಾಗಿತ್ತು. ಒಂದು ವರ್ಷ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಸೊಂಟ ಮುರಿಯಿತು. ಅವರು ಮತ್ತೆ ನೆಟ್ಟಗೆ ನಡೆಯಲಿಲ್ಲ.

"ಅವ್ರು ಮಲಗಿದ್ರು ಅಂತ ಮಳೆ ಕಾಯ್ತದಾ? ನಾನೇ ಹತ್ತಿದೆ. ಹೆಂಗಸು ಮಾಡು ಹತ್ತೋದಾ ಅಂದ್ರು. ಅಂದವ್ರ ಮನೆ ಹೆಂಚೂ ಆಮೇಲೆ ನಾನೇ ಕೈಯಾಡಿಸ್ದೆ," ಎಂದು ನಗುತ್ತಾರೆ.

ಕಳೆದ ವರ್ಷದ ಮಾತು ಬಂದರೆ ಆ ನಗು ಇಳಿಯುತ್ತದೆ. ಬಾರದ ರೈಲಿನ ಹೊಗೆಗೆ ಸಂದು ಯಾಕೆ, ಗಾಳಿಗೆ ಎರಚಲು ಬೇರೆ ಬರುತ್ತದೆ ಎಂದು ವಸಂತಮ್ಮ ಅದನ್ನು ಗಾರೆ ಹಾಕಿ ಮುಚ್ಚಿಬಿಟ್ಟಿದ್ದರು. ಆಷಾಢದಲ್ಲಿ ಒದ್ದೆ ಕಂಬಳಿ, ಒದ್ದೆ ಕೊಡೆಗಳ ಜನ ಒಳಗೆ ತುಂಬಿದರು. ಅವರ ಉಸಿರು, ಬಟ್ಟೆಯ ತೇವ ಎಲ್ಲ ಮೇಲೇರಿ, ಹೋಗಲು ದಾರಿಯಿಲ್ಲದೆ ಹನಿಯಾಗಿ ತಲೆ ಮೇಲೆ ತೊಟ್ಟಿಕ್ಕಿತು. ಜಂತಿಗೆ ಬೂಷ್ಟು ಹಿಡಿಯಿತು. ಟೇಷನ್ ಸೋರುತ್ತಿದೆ ಎಂದು ಊರೆಲ್ಲ ಗುಲ್ಲಾಯಿತು. ಮುಂದಿನ ಮಳೆಗಾಲದೊಳಗೆ ಹೆಂಚು ಕಿತ್ತು ತಗಡಿನ ಶೀಟು ಹೊದೆಸುವುದೆಂದು, ಈಗ ಟೇಷನ್ ನೋಡಿಕೊಳ್ಳುವ ಬಸ್ ಮಾಲೀಕರ ಸಂಘ ತೀರ್ಮಾನಿಸಿತು.

ಸುದ್ದಿ ಕೇಳಿದ ಗಿಡ್ಡಪ್ಪ ಮಲಗಿದಲ್ಲಿಂದ ಒಂದೇ ಪ್ರಶ್ನೆ ಕೇಳಿದರು: "ನೆತ್ತಿ ಸಂದು ಏನ್ ಮಾಡ್ದೆ?"

ಮರುದಿನ ವಸಂತಮ್ಮ ಸಂಘದ ಸಭೆಗೆ ಒಬ್ಬರೇ ಹೋದರು. "ಹೆಂಚಿಂದ್ ತಪ್ಪಲ್ಲ ಅಯ್ಯಾ, ನಂದು. ಉಸಿರು ಹೋಗೋ ದಾರೀನೇ ಮುಚ್ಚಿದ್ದೆ. ಬರೋ ಮಳೆಗಾಲ ಒಂದು ಬಿಡಿ. ಆಮೇಲೂ ತೊಟ್ಟಿಕ್ಕಿದ್ರೆ ನಾನೇ ಹೆಂಚು ಇಳಿಸ್ಕೊಡ್ತೀನಿ."

ಕಾರ್ಯದರ್ಶಿ ಮಲ್ಲಿಕಾರ್ಜುನರಿಗೆ ಆಶ್ಚರ್ಯ. "ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ನೋಡಿ," ಎನ್ನುತ್ತಾರೆ ಅವರು. ಒಂದು ಮಳೆಗಾಲದ ಅವಕಾಶ ಸಿಕ್ಕಿತು. ಇವತ್ತು ವಸಂತಮ್ಮ ಚಿಕ್ಕ ಉಳಿ ಹಿಡಿದು ತಾವೇ ಹಾಕಿದ ಗಾರೆಯನ್ನು ಕೆತ್ತುತ್ತಿರುವುದು ಅದಕ್ಕೇ. ಹಾಕಿದ್ದಕ್ಕಿಂತ ಕೀಳುವುದು ಕಷ್ಟ, ಏಟು ಸ್ವಲ್ಪ ಜೋರಾದರೂ ಹಳೆಯ ಹೆಂಚು ಹೋಳಾಗುತ್ತದೆ.

ವಾರಗಳು ಕಳೆದು ಈಗ ಮತ್ತೆ ಆಷಾಢ. ಮಳೆ ಕೂತುಬಿಟ್ಟಿದೆ. ಟೇಷನ್ ತುಂಬ ಜನ, ಹಬೆಯಾಡುವ ಬಟ್ಟೆಗಳು. ವಸಂತಮ್ಮ ದಿನಾ ಬಂದು ನಡುವಿನ ಬೆಂಚಿನಲ್ಲಿ ಕೂತು ಮೇಲೆ ನೋಡುತ್ತಾರೆ. ಗಾಳಿ ಬೀಸಿದಾಗ ಮುಖದ ಮೇಲೊಂದಿಷ್ಟು ಎರಚಲು ಬೀಳುತ್ತದೆ, ಅಷ್ಟೇ. ಜಂತಿ ಒಣಗಿದೆ. ಶೀಟಿನ ಮಾತು ಸಂಘದಲ್ಲಿ ಈಗ ಯಾರೂ ಎತ್ತುತ್ತಿಲ್ಲ.

"ಎಲ್ಲಿಗೆ ವಸಂತಕ್ಕಾ?" ಎನ್ನುತ್ತಾನೆ ಕುಮಾರ.

"ಎಲ್ಲಿಗೂ ಇಲ್ಲ ಮಾರಾಯ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಅವರಿಗೆ ಉಳಿದಿರುವುದು ಒಂದೇ ಆಸೆ. "ಮಳೆ ಬಿಡೋದ್ರೊಳಗೆ ಒಂದಿನ ಆಟೋ ಮಾಡಿ ನಮ್ಮೋರನ್ನ ಕರ್ಕೊಂಡ್ ಬರ್ಬೇಕು. ಅವ್ರು ಈ ಟೇಷನ್ನ ಮೇಲಿಂದಾನೇ ನೋಡಿದ್ದು. ಒಂದ್ಸಲ ಕೆಳಗೆ ಕೂತು ನೋಡ್ಲಿ, ತಲೆ ನೆನೀದೆ."